ಕೋಚ್ ಸಾಹೇಬರಿಗೆ ಮನೆಪಾಠ

ಸೆಪ್ಟೆಂಬರಿನ ಒಂದು ಮಂಗಳವಾರ ಸಂಜೆ ನಮ್ಮ ಮನೆಯ ಬೆಲ್ ಆಯಿತು. ಹೋಗಿ ಬಾಗಿಲು ತೆಗೆದೆ. ಎದುರುಗಡೆ ಬೀದಿ ಕಾಣಿಸಲಿಲ್ಲ. ಬೀದಿಯನ್ನು ಪೂರ್ತಿ ಮುಚ್ಚಿಕೊಂಡು ಒಬ್ಬ ಮನುಷ್ಯ ನಿಂತಿದ್ದರು. ಒಂದು ಕೈಯಲ್ಲಿ ಬುಟ್ಟಿ ತುಂಬ ಸೇಬು. ಇನ್ನೊಂದು ಬಗಲಲ್ಲಿ ಪುಸ್ತಕ.

ಪುಸ್ತಕದ ಮೇಲಿನ ಹೆಸರು ಓದಿದೆ. ಆಲ್‌ಜೀಬ್ರಾ, ಮೊದಲನೆಯ ಭಾಗ.

ವಯಸ್ಸು ಐವತ್ತು ದಾಟಿದೆ. ಕೂದಲು ನೆರೆತಿದೆ. ಕತ್ತು ನಮ್ಮ ಅಡಿಗೆಮನೆಯ ಒರಳಿನಷ್ಟು ದಪ್ಪ. ಪಾಠಕ್ಕೆ ಬಂದಿದ್ದೇನೆ ಮೇಡಂ ಅಂದರು. ಶೂ ಬಿಚ್ಚಿ ಒಳಗೆ ಬನ್ನಿ ಅಂದೆ. ಬಿಚ್ಚಿದರು. (ಆ ಶೂಗಳನ್ನು ದಾಟಿಕೊಂಡು ಹೋಗಲು ನಮ್ಮ ಮಗಳು ಲಂಗ ಎತ್ತಿ ಹಿಡಿಯಬೇಕಾಯಿತು.)

ಒಳಗಿನಿಂದ ಇವರ ದನಿ ಬಂತು. "ಏನೇ, ಬಂದ್ರಾ? ಕೂರ್ಸು. ಐದು ನಿಮಿಷ ಲೇಟು."

ಇವರು ಅಂದರೆ ನಮ್ಮ ಯಜಮಾನರು. ಡೆಟ್ರಾಯಿಟ್‌ಗೆ ಬಂದು ಇಷ್ಟು ವರ್ಷವಾದರೂ ಗಂಡನ ಹೆಸರು ಹಿಡಿದು ಕರೆಯುವ ಅಭ್ಯಾಸ ನನಗೆ ಆಗಿಲ್ಲ. ಊರಿನಾಚೆಗಿನ ಒಂದು ಚಿಕ್ಕ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾರೆ ಅನ್ನುವುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ. ಮೈಸೂರಿನಲ್ಲಿದ್ದಾಗ ನಮ್ಮ ಮನೆ ಜಗಲಿಯ ಮೇಲೆ ಮನೆಪಾಠಕ್ಕೆ ಬಂದ ಹುಡುಗರು ಸಾಲಾಗಿ ಕೂರುತ್ತಿದ್ದರು. ಈ ದೇಶದಲ್ಲಿ ಆ ಕಾಟ ತಪ್ಪಿತು ಅಂದುಕೊಂಡಿದ್ದೆ. ತಪ್ಪಿತ್ತು ಕೂಡ. ಆ ಮಂಗಳವಾರದವರೆಗೆ.

ಬಂದವರು ಯಾರು ಗೊತ್ತೇ? ಪ್ರೊಫೆಷನಲ್ ಫುಟ್‌ಬಾಲ್ ಕೋಚ್! ಗಸ್ ಅಂತ ಹೆಸರು. ದೊಡ್ಡ ದೊಡ್ಡ ಊರುಗಳ ಟೀಮುಗಳನ್ನು ಆಡಿಸಿದವರು. ಅವರ ಫೋಟೋ ಪೇಪರಿನಲ್ಲಿ ಬರುತ್ತಿತ್ತಂತೆ. ಹೋದ ವರ್ಷ ಅವರ ಟೀಮು ಸೋತಿತು, ಕೋಚನ್ನು ತೆಗೆದುಹಾಕಿದರು. ಇಲ್ಲಿ ಟೀಮು ಸೋತರೆ ಆಡಿದವರನ್ನು ತೆಗೆಯುವುದಿಲ್ಲ. ಆಡದೆ ಪಕ್ಕದಲ್ಲಿ ನಿಂತು ಕೂಗಿದವರನ್ನು ತೆಗೆಯುತ್ತಾರೆ.

ಇಲ್ಲಿಯ ಫುಟ್‌ಬಾಲಿಗೂ ನಮ್ಮ ಫುಟ್‌ಬಾಲಿಗೂ ಏನೂ ಸಂಬಂಧವಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಚೆಂಡನ್ನು ಎದೆಗೆ ಅವಚಿಕೊಂಡು ಓಡುತ್ತಾರೆ. ಕಾಲಿರುವುದು ಓಡುವುದಕ್ಕೆ, ಆಮೇಲೆ ಮುರಿದುಕೊಳ್ಳುವುದಕ್ಕೆ. ಚೆಂಡು ಕೂಡ ಗುಂಡಗಿಲ್ಲ, ಮಂಗಳೂರು ಸೌತೆಕಾಯಿಯ ಹಾಗಿದೆ. ಎಲ್ಲರೂ ಒಬ್ಬನ ಮೇಲೆ ಬೀಳುತ್ತಾರೆ. ಸೀಟಿ ಊದುತ್ತಾರೆ. ಎದ್ದು ನಿಂತು ಗುಂಪು ಕಟ್ಟಿ ಗುಸುಗುಸು ಮಾತಾಡುತ್ತಾರೆ. ಮತ್ತೆ ಬೀಳುತ್ತಾರೆ. ಇದಕ್ಕೆ ಒಬ್ಬ ಕೋಚ್ ಯಾಕೆ ಬೇಕು ಅಂತ ನಾನು ಮೊದಲ ವರ್ಷ ಕೇಳಿದ್ದಕ್ಕೆ ಪಕ್ಕದ ಮನೆಯವರು ಎರಡು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ.

ನಮ್ಮ ಕಾಲೇಜಿನ ಟೀಮು ಎಷ್ಟು ವರ್ಷದಿಂದಲೋ ಸೋಲುತ್ತಲೇ ಇತ್ತು. ಕಾಲೇಜಿನ ಪ್ರೆಸಿಡೆಂಟರಿಗೆ ಅದೇ ಚಿಂತೆ. ಒಂದು ದಿನ ಅವರಿಗೆ ಹೊಳೆಯಿತು: ಪ್ರೊಫೆಷನಲ್ ಕೋಚನ್ನೇ ಕರೆದುಕೊಂಡು ಬಂದರೆ? ಈಗ ಇಲ್ಲಿ ಇದೇ ಹುಚ್ಚು. ಪ್ರೊಫೆಷನಲ್ ಟೀಮಿನವರು ಬೇಡ ಅಂತ ಕಳಿಸಿದವರನ್ನು ಕಾಲೇಜಿನವರು ಹಾರ ಹಾಕಿ ಕರೆದುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಬೇಯಿಸುವ ಅಡಿಗೆ ಭಟ್ಟರನ್ನು ಕರೆತಂದು, ಮೂರು ಜನಕ್ಕೆ ಒಂದು ಸಾರು ಮಾಡಿಕೊಡಿ ಅಂದ ಹಾಗೆ. ಭಟ್ಟರು ದೊಡ್ಡವರೇ, ಸಂಶಯವಿಲ್ಲ. ಸಾರು ಹೇಗಾಗುತ್ತದೆ ಅನ್ನುವುದು ಬೇರೆ ಮಾತು.

ಸರಿ, ಗಸ್ ಸಾಹೇಬರು ಬಂದರು. ಬ್ಯಾಂಡು ಬಾರಿಸಿದರು. ಆಮೇಲೆ ಯಾರೋ ಕಾಲೇಜಿನ ನಿಯಮದ ಪುಸ್ತಕ ತೆಗೆದು ನೋಡಿದರು. ನಮ್ಮ ಕಾಲೇಜಿನಲ್ಲಿ ಕೋಚ್ ಅಂದರೆ ಮೇಷ್ಟ್ರ ಲೆಕ್ಕ. ಮೇಷ್ಟ್ರು ಅಂದ ಮೇಲೆ ಡಿಗ್ರಿ ಇರಲೇಬೇಕು.

ಗಸ್ ಸಾಹೇಬರಿಗೆ ಡಿಗ್ರಿ ಇರಲಿಲ್ಲ.

ಪ್ರಾಯದಲ್ಲಿ ಆಡುವುದಕ್ಕೆ ಅಂತ ಕಾಲೇಜು ಬಿಟ್ಟು ಹೋಗಿದ್ದರು. ಉಳಿದಿದ್ದು ಒಂದೇ ಒಂದು ಪೇಪರು. ಅದು ಗಣಿತ. ಕೊನೆಗೆ ಒಂದು ಒಪ್ಪಂದವಾಯಿತು. ಡಿಸೆಂಬರಿನೊಳಗೆ ಗಣಿತ ಪಾಸು ಮಾಡಿದರೆ ಕೆಲಸ ಖಾಯಂ. ಫೇಲಾದರೆ ಗಂಟುಮೂಟೆ. ಆ ಪೇಪರಿನ ಪಾಠ ಯಾರದ್ದು? ಪರೀಕ್ಷೆ ಯಾರದ್ದು? ನಮ್ಮವರದ್ದು.

ಇಷ್ಟಾದ ಮೇಲೆ ಸೇಬಿನ ಬುಟ್ಟಿಯ ಅರ್ಥ ನನಗೆ ಆಗದೆ ಇರುತ್ತದೆಯೇ? ಮೈಸೂರಿನಲ್ಲಿ ರಸಬಾಳೆ ಗೊನೆ, ಇಲ್ಲಿ ಸೇಬು. ಇವರು ಬುಟ್ಟಿಯನ್ನು ನೋಡಿ, ಅದನ್ನು ಹೋಗುವಾಗ ತೆಗೆದುಕೊಂಡು ಹೋಗಿ ಅಂದರು. ನಮ್ಮವರ ಕೈಯಲ್ಲಿ ಒಂದು ಮಾರ್ಕು ಹೆಚ್ಚು ಹಾಕಿಸಿಕೊಂಡವರು ಇನ್ನೂ ಹುಟ್ಟಿಲ್ಲ. ನನ್ನ ಸ್ವಂತ ತಮ್ಮ ಇವರ ಪೇಪರಿನಲ್ಲೇ ಫೇಲಾಗಿದ್ದಾನೆ. ಅದೂ ನಮ್ಮ ಮದುವೆಯಾದ ವರ್ಷ!

ಮನೆಪಾಠ ಶುರುವಾಯಿತು. ಮಂಗಳವಾರ, ಗುರುವಾರ. ಊಟದ ಮೇಜೇ ಶಾಲೆ. ಇವರಿಗೆ ಪಾಠ ಅಂದರೆ ಒಂದೇ ಥರ ಗೊತ್ತು. ಎದುರಿಗಿರುವವರು ಹತ್ತು ವರ್ಷದ ಪುಟ್ಟನೋ, ಟೆಲಿವಿಷನ್‌ನಲ್ಲಿ ಬರುವ ಕೋಚೋ, ಬೈಗುಳ ಒಂದೇ. ಇಷ್ಟೂ ತಿಳಿಯುವುದಿಲ್ಲವೇ, ತಲೆ ಎಲ್ಲಿಟ್ಟು ಬಂದಿದ್ದೀರಿ, ಇನ್ನೊಂದು ಸಲ ಬರೆಯಿರಿ. ಗಸ್ ಸಾಹೇಬರು ಒಂದು ಕಾಲದಲ್ಲಿ ಗೂಳಿಯಂಥ ಗಂಡಸರನ್ನು ಕೂಗಿ ಅಳಿಸಿದವರಂತೆ. ನಮ್ಮ ಮೇಜಿನ ಮುಂದೆ ಯೆಸ್ ಸರ್, ಯೆಸ್ ಸರ್ ಅನ್ನುತ್ತಾ ಪೆನ್ಸಿಲ್ ಕಚ್ಚುತ್ತಿದ್ದರು. ನಾನು ಉಪ್ಪಿಟ್ಟು ಕೊಡುತ್ತಿದ್ದೆ. ಮೊದಲ ದಿನ ಅದೇನೆಂದು ಕೇಳಿದರು. ಎರಡನೆಯ ವಾರದಿಂದ ಬಂದ ತಕ್ಷಣ ಅಡಿಗೆಮನೆ ಕಡೆ ಮೂಗು ತಿರುಗಿಸುತ್ತಿದ್ದರು.

ಈಗ ಮಗ್ಗಿಯ ವಿಷಯ ಬರಬೇಕು.

ನಮ್ಮ ಮನೆಯಲ್ಲಿ ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಮಗಳು ಕನ್ನಡದಲ್ಲಿ ಮಗ್ಗಿ ಹೇಳಲೇಬೇಕು. ಅದು ನನ್ನ ಹಟ. ಅವಳಿಗೆ ಸುತರಾಂ ಇಷ್ಟವಿಲ್ಲ. "ವೈ ಕಾಂಟ್ ಐ ಡೂ ಇಟ್ ಇನ್ ಇಂಗ್ಲಿಷ್?" ಅಂತ ದಿನಾ ಒಂದು ಸಲ ಕೇಳುತ್ತಾಳೆ. ನಾನು ದಿನಾ ಒಂದು ಸಲ ಕಣ್ಣು ಬಿಡುತ್ತೇನೆ. ಆಮೇಲೆ ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡು ಮೂರ್ಲ ಆರು ಅಂತ ರಾಗ ಎಳೆಯುತ್ತಾಳೆ.

ಒಂದು ಗುರುವಾರ ಗಸ್ ಸಾಹೇಬರು ಪೆನ್ಸಿಲ್ ಕೆಳಗಿಟ್ಟು ಆ ರಾಗ ಕೇಳಿಸಿಕೊಂಡರು. ಅದೇನು ಹಾಡು ಅಂದರು. ಹಾಡಲ್ಲ, ಅಂಕಿ ಅಂದೆ. ಯಾವ ಭಾಷೆ ಅಂದರು. ಹೇಳಿದೆ. ಈ ಭಾಷೆ ಇಲ್ಲಿ ಎಷ್ಟು ಜನಕ್ಕೆ ಬರುತ್ತದೆ ಅಂದರು. ಡೆಟ್ರಾಯಿಟ್ ಸುತ್ತಮುತ್ತ ಎಲ್ಲರನ್ನೂ ಒಂದೇ ಸಲ ಊಟಕ್ಕೆ ಕರೆದರೂ ನನ್ನ ದೊಡ್ಡ ಕುಕ್ಕರು ಸಾಕು ಅಂದೆ.

ಅವರ ಕಣ್ಣು ಹೊಳೆಯಿತು. ನಾನು ಆಗಲೇ ಅನುಮಾನಪಡಬೇಕಾಗಿತ್ತು.

ಈ ಆಟದಲ್ಲಿ ಒಬ್ಬ ಹುಡುಗ ಮುಂದೆ ನಿಂತು ಅಂಕಿಗಳನ್ನು ಕೂಗುತ್ತಾನೆ. ಅದು ಸಂಕೇತ. ಚೆಂಡು ಎಡಕ್ಕೋ, ಬಲಕ್ಕೋ, ದೂರಕ್ಕೋ ಅಂತ ತನ್ನವರಿಗೆ ತಿಳಿಸುವುದು. ಕಷ್ಟವೇನೆಂದರೆ ಎದುರಿನವರಿಗೂ ಕಿವಿ ಇದೆ. ನಮ್ಮ ಕಾಲೇಜಿನ ಹುಡುಗರು ಎಷ್ಟು ಸರಳ ಅಂದರೆ ಸಮಸಂಖ್ಯೆಗೆ ಬಲ, ಬೆಸಸಂಖ್ಯೆಗೆ ಎಡ. ಅದಕ್ಕಿಂತ ಹೆಚ್ಚು ಅವರಿಗೆ ನೆನಪಿರುವುದಿಲ್ಲ. ಪ್ರೊಫೆಷನಲ್ ಆಟಗಾರರಿಗೆ ದಪ್ಪ ಪುಸ್ತಕ ಬಾಯಿಪಾಠ ಮಾಡಿಸಿದ್ದ ಗಸ್ ಸಾಹೇಬರು ಈ ಹುಡುಗರ ಮುಂದೆ ಕೈ ಚೆಲ್ಲಿದ್ದರು.

ಮುಂದಿನ ಶನಿವಾರ ನಮ್ಮ ಕಾಲೇಜಿನ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡ ಕೆಂಪು ಮುಖದ ಹುಡುಗನೊಬ್ಬ ಗಂಟಲು ಹರಿಯುವಂತೆ ಕೂಗಿದ: "ನಾಲ್ಕೂ! ನಾಲ್ಕೂ! ಎನ್ಟೂ!"

ನಾನು ಫ್ಲಾಸ್ಕಿನ ಕಾಫಿಯನ್ನು ಸೀರೆಯ ಮೇಲೆ ಚೆಲ್ಲಿಕೊಂಡೆ.

ಎದುರಿನ ಟೀಮು ಪಿಳಿಪಿಳಿ ನೋಡಿತು. ನಮ್ಮವರು ಬಲಕ್ಕೆ ಓಡಿದರು. ಗೆದ್ದರು! ಮರು ಶನಿವಾರವೂ ಗೆದ್ದರು. ಏಳು ಮಾತ್ರ ಯಾರ ನಾಲಗೆಯ ಮೇಲೂ ಹೊರಳಲಿಲ್ಲ, ಆದ್ದರಿಂದ ಏಳನ್ನು ಆಟದಿಂದ ಕೈಬಿಟ್ಟರು. ಬೇರೆ ಕಾಲೇಜುಗಳವರು ತಲೆ ಕೆರೆದುಕೊಂಡರು. ಇದು ಅರಬ್ಬೀ ಅಂತ ಒಬ್ಬರು, ಪೋಲಿಷ್ ಅಂತ ಒಬ್ಬರು. ಪೋಲೆಂಡಿನ ಒಬ್ಬ ಪಾದ್ರಿಯನ್ನು ಕರೆಸಿ ಕೇಳಿಸಿದರಂತೆ ಕೂಡ. ಗುಟ್ಟನ್ನು ಯಾರಿಗೂ ಹೇಳಕೂಡದು ಅಂತ ಗಸ್ ಸಾಹೇಬರು ನಮ್ಮಿಂದ ಮಾತು ತೆಗೆದುಕೊಂಡರು. ಮಗಳು ಈಗ ಕೇಳದೆಯೇ ಮಗ್ಗಿ ಹೇಳುತ್ತಿದ್ದಳು.

ಟೀಮು ಗೆಲ್ಲತೊಡಗಿದ ಮೇಲೆ ಊರಿಗೆಲ್ಲ ಗಣಿತದ ಪರೀಕ್ಷೆ ನೆನಪಾಯಿತು. ಅಯ್ಯೋ, ಈ ದೇವರಂಥ ಕೋಚ್ ಫೇಲಾದರೆ? ಶುರುವಾಯಿತು ನೋಡಿ ವಶೀಲಿ! ಡೀನರ ಹೆಂಡತಿ ಕುಂಬಳಕಾಯಿ ಪೈ ತಂದರು. ಕಾರು ಮಾರುವ ಅಂಗಡಿಯವರು ನಮ್ಮ ಹಳೇ ಗಾಡಿಯ ಟೈರನ್ನು ತಾವಾಗಿಯೇ ಬಂದು ನೋಡಿದರು. ಕ್ಷೌರದ ಅಂಗಡಿಯಲ್ಲಿ ಇವರಿಗೆ ಕತ್ತರಿ ಆಡಿಸುತ್ತಲೇ, ಪ್ರೊಫೆಸರ್, ನಮ್ಮ ಕೋಚ್ ಹೇಗೆ ಓದುತ್ತಿದ್ದಾರೆ ಅಂತ ಕೇಳಿದರಂತೆ. ಕಾಲೇಜಿನ ವರಾಂಡದಲ್ಲಿ ಪ್ರೆಸಿಡೆಂಟರು ಇವರ ಹೆಗಲ ಮೇಲೆ ಕೈ ಹಾಕಿ, ಮನುಷ್ಯನ ಯೋಗ್ಯತೆಯನ್ನು ಅಂಕಿಯಲ್ಲಿ ಅಳೆಯಲಾಗುತ್ತದೆಯೇ ಅಂದರಂತೆ. ಗಣಿತದ ಮೇಷ್ಟ್ರ ಹತ್ತಿರ ಆಡುವ ಮಾತೇ ಇದು?

ಇವರು ಎಲ್ಲರಿಗೂ ಒಂದೇ ಉತ್ತರ ಕೊಟ್ಟರು. ಬರೆದದ್ದಕ್ಕೆ ಮಾರ್ಕು. ಪೈ ಮಾತ್ರ ನಾನು ವಾಪಸು ಕೊಡಲಿಲ್ಲ, ಅದನ್ನು ನನಗೆ ಕೊಟ್ಟಿದ್ದು.

ನವೆಂಬರಿನಲ್ಲಿ ಸೀಸನ್ನಿನ ಕೊನೆಯ ಆಟ. ಶಿಕಾಗೋ ಕಡೆಯ ಒಂದು ಕಾಲೇಜಿನ ಮೇಲೆ, ಅವರ ಮೈದಾನದಲ್ಲೇ. ನಾವೂ ಹೊರಟೆವು, ಯಾಕೆಂದರೆ ಅಲ್ಲೇ ಹತ್ತಿರದ ಓಕ್ ಬ್ರೂಕ್‌ನಲ್ಲಿ ನಮಗೆ ಬೇಕಾದ ಡಾಕ್ಟರ್ ಕುಲಕರ್ಣಿಯವರಿದ್ದಾರೆ. ಧಾರವಾಡದವರು. ಮೂಳೆ ಡಾಕ್ಟರು. ಆಟ ನೋಡಿಕೊಂಡು ಅವರ ಮನೆಯಲ್ಲಿ ಜೋಳದ ರೊಟ್ಟಿ ತಿಂದು ಬರೋಣ ಅಂತ ಲೆಕ್ಕ. ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ. ದಾರಿಯುದ್ದಕ್ಕೂ ಇವರು ಐವತ್ತೈದಕ್ಕಿಂತ ಹೆಚ್ಚು ಓಡಿಸಲಿಲ್ಲ.

ಮೈದಾನದಲ್ಲಿ ಕೂತು ಆ ಕಡೆ ನೋಡಿದೆ. ಎದುರಿನ ಟೀಮಿನ ಬೆಂಚಿನ ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಡಾಕ್ಟರ ಪೆಟ್ಟಿಗೆ ಹಿಡಿದು ನಿಂತಿರುವವರು ಯಾರು? ಕುಲಕರ್ಣಿಯವರು! ಆ ಕಾಲೇಜಿನ ಹುಡುಗರ ಮೂಳೆ ನೋಡುವುದಕ್ಕೆ ಆವತ್ತು ಅವರೇ ಬಂದಿದ್ದರು. ನಮ್ಮ ಕಡೆ ನೋಡಿ ಕೈ ಬೀಸಿದರು. ನಾನೂ ಬೀಸಿದೆ. ಹಾಗೆ ಬೀಸುತ್ತಲೇ ಇವರ ಕಿವಿಯಲ್ಲಿ ಹೇಳಿದೆ. "ರೀ, ಕುಲಕರ್ಣಿಯವರಿಗೆ ಹೇಳಿದೀರಾ?"

"ಯಾರಿಗೂ ಹೇಳ್ಬಾರ್ದು ಅಂತ ಮಾತು ಕೊಟ್ಟಿದ್ವಲ್ಲೇ."

ಅಷ್ಟರಲ್ಲಿ ನಮ್ಮ ಹುಡುಗ ಮುಂದೆ ಬಂದು ಕೂಗಿದ. "ಐದೂ! ಐದೂ! ಮೂರೂ!"

ಕುಲಕರ್ಣಿಯವರು ತಟ್ಟನೆ ತಿರುಗಿದರು. ಆಕಾಶ ನೋಡಿದರು. ಹಿಂದೆ ಯಾರಾದರೂ ನೆಂಟರು ಬಂದಿದ್ದಾರೆಯೇ ಅಂತ ನೋಡಿದರು. ಮಫ್ಲರ್ ಬಿಚ್ಚಿ ಕಿವಿ ಹೊರಗೆ ತೆಗೆದರು. ಮತ್ತೆ ಕೂಗು: "ಹತ್ತೂ!" ಆಗ ನೋಡಬೇಕಿತ್ತು ಆ ಮನುಷ್ಯನ ಮುಖ! ಪೆಟ್ಟಿಗೆ ಕೆಳಕ್ಕೆ ಹಾಕಿ ಎರಡೂ ಕೈ ಮೇಲೆತ್ತಿ ಕುಣಿದುಬಿಟ್ಟರು. ಪಕ್ಕದಲ್ಲಿದ್ದ ಅವರ ಟೀಮಿನ ಕೋಚಿನ ತೋಳು ಹಿಡಿದು ಅಲ್ಲಾಡಿಸುತ್ತಾ, ಕೂಗಿದ ಒಂದೊಂದು ಅಂಕಿಗೂ ಬೆರಳು ಎತ್ತಿ ತೋರಿಸತೊಡಗಿದರು. ಐದು ಅಂದರೆ ಐದು ಬೆರಳು. ಹತ್ತು ಅಂದರೆ ಎರಡು ಕೈ. ಇದು ನನ್ನ ಭಾಷೆ, ಇದು ನನ್ನ ಭಾಷೆ ಅಂತ ಇಂಗ್ಲಿಷಿನಲ್ಲಿ ಸಾರುತ್ತಿದ್ದರು.

ಅಂಕಿ ಗೊತ್ತಾದ ಮೇಲೆ ಎಡ ಬಲ ಗೊತ್ತಾಗಲು ಎಷ್ಟು ಹೊತ್ತು? ನಮ್ಮವರು ಎಡಕ್ಕೆ ಓಡಿದರೆ ಅಲ್ಲಿ ಆಗಲೇ ಹತ್ತು ಜನ ಕಾಯುತ್ತಿದ್ದರು.

ನಡುವಿನ ವಿರಾಮದಲ್ಲಿ ಗಸ್ ಸಾಹೇಬರು ಓಡುತ್ತಾ ನಮ್ಮ ಹತ್ತಿರ ಬಂದರು. ಬೆವರು ಸುರಿಯುತ್ತಿತ್ತು, ಆ ಚಳಿಯಲ್ಲಿ. ಮೇಡಂ, ಬೇರೆ ಯಾವುದಾದರೂ ಭಾಷೆ ಇದೆಯೇ ಅಂದರು. ನಾನು ಯೋಚಿಸಿದೆ. ಸಂಸ್ಕೃತ ಬೇಡ, ಕುಲಕರ್ಣಿಯವರು ದಿನಾ ಸಂಧ್ಯಾವಂದನೆ ಮಾಡುವವರು. ಮರಾಠಿಯೂ ಅವರಿಗೆ ಬರುತ್ತದೆ. ತೆಲುಗು ಬರುವುದಿಲ್ಲ! ಒಕಟಿ, ರೆಂಡು, ಮೂಡು ಅಂತ ಹೇಳಿಕೊಟ್ಟೆ. ಹುಡುಗರು ಗಾಬರಿಯಲ್ಲಿ ಎರಡನ್ನೂ ಕಲಸಿಕೊಂಡರು. ಎರಡು ಯಾವುದು ಮೂಡು ಯಾವುದು ಅಂತ ಜಗಳಕ್ಕೆ ಬಿದ್ದು, ಅರ್ಧ ಟೀಮು ಎಡಕ್ಕೆ ಹೋಯಿತು, ಅರ್ಧ ಬಲಕ್ಕೆ ಹೋಯಿತು. ಚೆಂಡು ಹಿಡಿದವನು ನಡುವೆ ಒಬ್ಬನೇ ನಿಂತಿದ್ದ. ಅವನ ಮೂಳೆಯನ್ನು ಕುಲಕರ್ಣಿಯವರೇ ನೋಡಿದರು. ಏನೂ ಆಗಿರಲಿಲ್ಲ, ಸದ್ಯ.

ಸೋತೆವು. ಸಣ್ಣ ಸೋಲಲ್ಲ, ಮುಖ ಎತ್ತಲಾಗದ ಸೋಲು.

ರಾತ್ರಿ ಕುಲಕರ್ಣಿಯವರ ಮನೆಯಲ್ಲಿ ರೊಟ್ಟಿ, ಎಣಗಾಯಿ ಬಡಿಸಿಕೊಂಡು ಕೂತೆವು. ನಾನು ಮುಖ ಗಂಟು ಹಾಕಿಕೊಂಡೇ ವಿಷಯ ಎಲ್ಲ ಹೇಳಿದೆ. ಕೋಚಿನ ಕೆಲಸ, ಪರೀಕ್ಷೆ, ಗುಟ್ಟು ಎಲ್ಲ. ಅವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟರು. "ವೈನಿ, ತಪ್ಪಾತು. ಆದ್ರ ಈ ದೇಶಕ್ಕ ಬಂದು ಇಷ್ಟು ವರ್ಷ ಆತು, ಬಯಲಾಗ ನಿಂತು ಒಬ್ಬಾಂವರೆ ಕನ್ನಡದಾಗ ಒದರಿದ್ದು ಕೇಳಿದ್ದಿಲ್ರಿ. ಕೇಳಿ ಬಾಯಿ ಮುಚ್ಕೊಂಡು ಹ್ಯಾಂಗ ನಿಂದರ್ಲಿ?"

ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ನಾನಾಗಿದ್ದರೂ ಕುಣಿಯುತ್ತಿದ್ದೆ.

ನಾವು ಡೆಟ್ರಾಯಿಟ್‌ಗೆ ವಾಪಸು ಬರುವಷ್ಟರಲ್ಲಿ ಊರಿನ ಗಾಳಿ ತಿರುಗಿತ್ತು. ಗೆದ್ದ ಆಟಗಳು ಯಾರಿಗೂ ನೆನಪಿರಲಿಲ್ಲ. ಇವನೆಂಥ ಪ್ರೊಫೆಷನಲ್ ಕೋಚ್, ಅಂಕಿ ಕೂಡ ಸ್ವಂತದ್ದಿಲ್ಲ ಅಂತ ಕ್ಷೌರದ ಅಂಗಡಿಯಲ್ಲಿ ಮಾತು. ಪ್ರೆಸಿಡೆಂಟರ ಕಿವಿಯಲ್ಲಿ ಯಾರೋ ಇನ್ನೊಬ್ಬ ಪ್ರೊಫೆಷನಲ್ ಕೋಚಿನ ಹೆಸರು ಊದಿದ್ದರು. ಅವರನ್ನೂ ಹೊಸದಾಗಿ ತೆಗೆದುಹಾಕಿದ್ದರಂತೆ, ಬಿಸಿಬಿಸಿಯಾಗಿ ಸಿಗುತ್ತಾರಂತೆ. ಆದರೆ ಗಸ್ ಸಾಹೇಬರ ಜೊತೆ ಒಪ್ಪಂದವಾಗಿದೆಯಲ್ಲ? ಪರೀಕ್ಷೆ ಪಾಸಾದರೆ ಕೆಲಸ ಖಾಯಂ. ಮುರಿಯುವ ಹಾಗಿಲ್ಲ.

ಪಾಸಾದರೆ ತಾನೆ!

ಮಂಗಳವಾರ ಗಸ್ ಸಾಹೇಬರು ಪಾಠಕ್ಕೆ ಬರುವುದಿಲ್ಲ ಅಂತ ನಾನು ಉಪ್ಪಿಟ್ಟಿಗೆ ಇಟ್ಟಿರಲಿಲ್ಲ. ಸರಿಯಾದ ಹೊತ್ತಿಗೆ ಬೆಲ್ ಆಯಿತು. ಗಸ್ ಸಾಹೇಬರು ಶೂ ಬಿಚ್ಚಿ, ಪುಸ್ತಕ ತೆಗೆದು ಕೂತರು. ನಾನು ರವೆ ಹುರಿಯುತ್ತಾ ಕೇಳಿಸಿಕೊಂಡೆ. ಇವರು ಎಂದೂ ಇಲ್ಲದೆ ಮೆಲ್ಲಗೆ, ಇವತ್ತು ಬೇಕಾದರೆ ರಜಾ ತೆಗೆದುಕೊಳ್ಳಿ ಅಂದರು. ಅದಕ್ಕೆ ಗಸ್ ಸಾಹೇಬರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಬೇಕಾದಷ್ಟು ಊರುಗಳಿಂದ ನನ್ನನ್ನು ಓಡಿಸಿದ್ದಾರೆ, ಪ್ರೊಫೆಸರ್. ಸೋತಿದ್ದಕ್ಕೆ ಓಡಿಸಲಿ, ಅಭ್ಯಾಸವಿದೆ. ದಡ್ಡ ಅಂತ ಓಡಿಸುವುದು ಬೇಡ."

ನನಗೆ ಕಣ್ಣು ತುಂಬಿ ಬಂತು. ರವೆ ಸ್ವಲ್ಪ ಸೀದಿತು. ಅದನ್ನೂ ಅವರು ಪೂರ್ತಿ ತಿಂದರು.

ಪರೀಕ್ಷೆ ನಡೆಯಿತು. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕ ಡೆಸ್ಕಿನಲ್ಲಿ ಹೇಗೆ ಹಿಡಿದರೋ ಕಾಣೆ. ಇವರು ಪೇಪರು ತಿದ್ದಿದರು. ಪಾಸು. ಕೂದಲೆಳೆಯಲ್ಲಿ ಪಾಸು, ಆದರೂ ಪಾಸು ಪಾಸೇ.

ಹೋದ ಭಾನುವಾರ ಮತ್ತೆ ಬೆಲ್ ಆಯಿತು. ಈ ಸಲ ಖುದ್ದು ಪ್ರೆಸಿಡೆಂಟರು! ನಾವು ಈ ಊರಿಗೆ ಬಂದಾಗಿನಿಂದ ಒಂದು ದಿನವೂ ನಮ್ಮ ಮನೆ ಮೆಟ್ಟಿಲು ಹತ್ತಿದವರಲ್ಲ. ಕೈಯಲ್ಲಿ ಚಾಕೊಲೇಟ್ ಡಬ್ಬಿ. ಹಿಮದ ವಿಷಯ ಮಾತಾಡಿದರು. ಮಗಳ ಕೆನ್ನೆ ಹಿಂಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಕೋಚಿನ ಪೇಪರನ್ನು ಇನ್ನೊಂದು ಸಲ ನೋಡಿದರೆ ಒಳ್ಳೆಯದಲ್ಲವೇ ಅಂದರು. ಕಾಲೇಜಿನ ಮರ್ಯಾದೆಯ ಪ್ರಶ್ನೆಯಂತೆ. ಗಣಿತ ಅಂದ ಮೇಲೆ ಕಟ್ಟುನಿಟ್ಟು ಬೇಕಂತೆ. ಅಂಕಿಗಿಂತ ದೊಡ್ಡದು ಯಾವುದಿದೆ ಅಂದರು. ವರಾಂಡದಲ್ಲಿ ಆಡಿದ ಮಾತು ಚಾಕೊಲೇಟಿನ ಜೊತೆ ಕರಗಿತ್ತೋ ಏನೋ.

ನನಗೆ ನಿಜವಾಗಿ ಸಿಟ್ಟು ಬಂತು. ಪಾಸು ಮಾಡಿ ಅಂತ ವಶೀಲಿ ಹಚ್ಚುವವರನ್ನು ಮೈಸೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಫೇಲು ಮಾಡಿ ಅಂತ ವಶೀಲಿ ಹಚ್ಚುವವರನ್ನು ನೋಡುವುದಕ್ಕೆ ಅಮೆರಿಕಕ್ಕೇ ಬರಬೇಕಾಯಿತು! ಇವರು ಬೈದು ಕಳಿಸುತ್ತಾರೆ ಅಂತ ಕಾದೆ. ಇವರು ಬೈಯಲಿಲ್ಲ. ಇನ್ನೊಮ್ಮೆ ನೋಡಿ ಅಂದರೆ ನೋಡಲೇಬೇಕು ಅನ್ನುವುದು ಇವರ ನಿಯಮ. ಯಾರು ಕೇಳಿದರು, ಯಾಕೆ ಕೇಳಿದರು ಅನ್ನುವುದೆಲ್ಲ ಇವರಿಗೆ ಸಂಬಂಧವಿಲ್ಲ. ಎದ್ದು ಹೋಗಿ ಪೇಪರು ತಂದರು. ಕನ್ನಡಕ ಹಾಕಿಕೊಂಡರು. ಪ್ರೆಸಿಡೆಂಟರ ಎದುರಿಗೇ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡುತ್ತಾ ಹೋದರು. ಪ್ರೆಸಿಡೆಂಟರ ಮುಖದಲ್ಲಿ ನಗು ಅರಳುತ್ತಿತ್ತು. ಕೂದಲೆಳೆಯ ಪಾಸು, ಒಂದು ತಪ್ಪು ಸಿಕ್ಕರೆ ಮುಗಿಯಿತು.

ಸಿಕ್ಕಿತು. ಇವರ ಬೆರಳು ನಿಂತಿತು. ಕೊನೆಯ ಹಾಳೆಯ ಹಿಂಬದಿ ಒಂದು ಲೆಕ್ಕವಿತ್ತು, ಅದನ್ನು ಇವರು ಮೊದಲು ನೋಡಿಯೇ ಇರಲಿಲ್ಲ. ಪೂರ್ತಿ ಸರಿಯಾದ ಲೆಕ್ಕ. ಇವರು ಕೆಂಪು ಪೆನ್ಸಿಲ್ ತೆಗೆದು ಮಾರ್ಕು ಕೂಡಿಸಿದರು. ಗಸ್ ಸಾಹೇಬರು ಈಗ ಕೂದಲೆಳೆಯಲ್ಲಿ ಅಲ್ಲ, ಸೆಕೆಂಡ್ ಕ್ಲಾಸಿನಲ್ಲಿ ಪಾಸು. ನೀವು ಬಂದಿದ್ದು ಬಹಳ ಉಪಕಾರವಾಯಿತು ಸರ್, ಇಲ್ಲದಿದ್ದರೆ ಅನ್ಯಾಯವಾಗುತ್ತಿತ್ತು ಅಂತ ಇವರು ಕೈಕುಲುಕಿದರು. ಮನಸಾರೆ ಹೇಳಿದ್ದು. ನಮ್ಮವರಿಗೆ ವ್ಯಂಗ್ಯ ಮಾಡಲು ಬರುವುದಿಲ್ಲ.

ಪ್ರೆಸಿಡೆಂಟರು ಕಾಫಿಯನ್ನೂ ಕುಡಿಯದೆ ಹೊರಟರು. ಗಸ್ ಸಾಹೇಬರ ಕೆಲಸ ಖಾಯಂ ಆಗಿದೆ. ಡಿಗ್ರಿ ಕಾಗದಕ್ಕೆ ಗಾಜು ಹಾಕಿಸಲು ಕೊಟ್ಟಿದ್ದಾರಂತೆ. ಊರಿನವರಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ, ಅಂಗಡಿಗೆ ಹೋದರೆ ನನ್ನ ಮುಖ ನೋಡಿ ನಿಟ್ಟುಸಿರು ಬಿಡುತ್ತಾರೆ.

ಅಲ್ಲ, ನಾನು ಕೇಳುತ್ತೇನೆ: ಆಟದಲ್ಲಿ ಸೋತವನೊಬ್ಬ ಲೆಕ್ಕದಲ್ಲಿ ಗೆದ್ದರೆ ಊರಿನವರ ಗಂಟೇನು ಹೋಗುತ್ತದೆ?